ಕೆಂಪು ಚಪ್ಪಲಿಯ ಮೀನು

ಪ್ಲಾಸ್ಟಿಕ್ ಸುಡುವ ವಾಸನೆ ಬಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಬೀದಿಯಲ್ಲಿ ಯಾರಾದರೂ ಕಸದ ಜೊತೆ ಹಳೆ ಬಕೆಟ್ಟು, ಕವರು ಹಾಕಿ ಬೆಂಕಿ ಹಚ್ಚಿದರೆ ಎದ್ದು ಹೋಗಿ ಬೈದು ಬರುತ್ತೇನೆ. ಮುದುಕನಿಗೆ ಮುಂಗೋಪ ಎಂದು ಅವರು ನಗುತ್ತಾರೆ. ನಗಲಿ. ಆ ವಾಸನೆಯನ್ನು ಒಂದು ಬೇಸಿಗೆಯಿಡೀ ನನ್ನ ಕೈಯಾರೆ ಎಬ್ಬಿಸಿದವನು ನಾನೇ ಎಂದು ಅವರಿಗೇನು ಗೊತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮದು ಮುಳಬಾಗಿಲು ತಾಲ್ಲೂಕು, ಬೈರಕೂರಿನಲ್ಲಿ ಬಸ್ಸಿಳಿದು ಇನ್ನೂ ಒಳಗೆ ನಡೆಯಬೇಕಾದ ಊರು. ಒಂದಿಷ್ಟು ರಾಗಿ ಹೊಲ, ಹಿಪ್ಪುನೇರಳೆ ತೋಟ, ಮನೆಯೊಳಗೆ ತಟ್ಟೆಗಳ ತುಂಬ ರೇಷ್ಮೆ ಹುಳು. ಮದುವೆಯಾಗಿ ಎರಡನೇ ವರ್ಷ. ಹೆಂಡತಿ ಗೌನಿಪಲ್ಲಿ ಕಡೆಯವಳು, ಕೆರೆ ಪಕ್ಕದ ಮನೆಯಲ್ಲಿ ಬೆಳೆದವಳು. ಅವಳ ಕನ್ನಡದಲ್ಲಿ ಅರ್ಧ ತೆಲುಗು. ಕೋಪ ಬಂದರೆ, ನೋವಾದರೆ ಪೂರಾ ತೆಲುಗು. ಚೊಚ್ಚಲ ಹೆರಿಗೆ ಕಷ್ಟವಾಗಿ ಸೂಲಗಿತ್ತಿ ಕೈಚೆಲ್ಲಿದ ಮೇಲೆ ತರಕಾರಿ ಲಾರಿಯಲ್ಲಿ ಮಲಗಿಸಿಕೊಂಡು ಕೋಲಾರದ ಆಸ್ಪತ್ರೆಗೆ ಹೋದೆವು. ಹೊಟ್ಟೆ ಕೊಯ್ದು ತೆಗೆದರು. ಹೆಣ್ಣುಮಗು. ಒಂದು ಸಲ ಅತ್ತಿತು ಎಂದು ನರ್ಸಮ್ಮ ಹೇಳಿದರು. ನಮಗೆ ಕೇಳಿಸಲಿಲ್ಲ.

ಮನೆಗೆ ಕರೆತಂದ ಮೇಲೆ ಹೊಲಿಗೆಯ ಒಂದು ತುದಿ ಕೂಡಿಕೊಳ್ಳಲೇ ಇಲ್ಲ. ಕಾಂಪೌಂಡರು ಸೈಕಲ್ಲಿನಲ್ಲಿ ಬಂದು ಔಷಧ ಹಚ್ಚಿ ಬಟ್ಟೆ ಕಟ್ಟಿ ಹೋಗುತ್ತಿದ್ದರು. ಒಣಗಿತು ಅನ್ನುವಷ್ಟರಲ್ಲಿ ಮತ್ತೆ ಒಸರುತ್ತಿತ್ತು. ನಡುಮನೆಯ ಮಂಚದ ಮೇಲೆ ಗೋಡೆ ನೋಡುತ್ತಾ ಮಲಗಿರುತ್ತಿದ್ದಳು. ಮಗುವಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಮ್ಮಮ್ಮ ಮಾತ್ರ ಸುಮ್ಮನಿರುವವಳಲ್ಲ. "ಗುಳಿಗೆ ನುಂಗಿ ನುಂಗಿ ಅವಳ ಹೊಟ್ಟೆ ಔಷಧಿ ಅಂಗಡಿ ಆಗೋಯ್ತು. ಒಂದು ಕೊರಮೀನು ತಂದಾಕ್ಲಾ. ಅದರ ಸಾರು ಕುಡಿದ್ರೆ ಸೀಳಿದ ಮಾಂಸ ಕೂಡ್ಕೊಂತದೆ," ಎಂದು ದಿನಾ ಹಾಡುತ್ತಿದ್ದಳು.

ಕೊರಮೀನು ಎಂದರೆ ಹಾವಿನಂಥ ತಲೆಯ, ಕಪ್ಪು ಬೆನ್ನಿನ ಮೀನು. ನೀರಿನಿಂದ ತೆಗೆದರೂ ಒದ್ದೆ ಗೋಣಿಯಲ್ಲಿ ಗಂಟೆಗಟ್ಟಲೆ ಬದುಕಿರುತ್ತದೆ. ಅಂಥ ಗಟ್ಟಿ ಜೀವವನ್ನು ತಿಂದವರಿಗೂ ಆ ಗಟ್ಟಿತನ ಬರುತ್ತದೆಂದು ನಮ್ಮ ಕಡೆಯ ನಂಬಿಕೆ. ಡಾಕ್ಟರನ್ನು ಕೇಳಿದರೆ, ಮೀನು ತಿನ್ನಿಸಿ, ಒಳ್ಳೆಯದೇ ಅಂದರು. ನನಗೂ ಏನಾದರೂ ಮಾಡಬೇಕಿತ್ತು. ಸುಮ್ಮನೆ ಕೂತರೆ ತಲೆ ಕೆಡುತ್ತಿತ್ತು.

ಕೊರಮೀನು ಹಿಡಿಯುವುದಕ್ಕೆ ಗಾಳಕ್ಕೆ ಜೀವಂತ ಕಪ್ಪೆ ಚುಚ್ಚಬೇಕು. ನಮ್ಮಪ್ಪ ಹಾಗೇ ಹಿಡಿಯುತ್ತಿದ್ದರಂತೆ. ಆ ವರ್ಷ ಮಳೆ ಕೈಕೊಟ್ಟಿತ್ತು. ಹೆಂಗಸರೆಲ್ಲ ಸೇರಿ ಒನಕೆಗೆ ಬೇವಿನ ಸೊಪ್ಪು ಕಟ್ಟಿ, ಬಟ್ಟೆಯಲ್ಲಿ ಕಪ್ಪೆ ಕಟ್ಟಿ, ಮನೆಮನೆಯ ಮುಂದೆ ನೀರು ಹುಯ್ಯಿಸಿಕೊಂಡು ಮಳೆ ಬೇಡಿದ್ದರು. ಮಳೆ ಬರುವ ತನಕ ಊರಿನಲ್ಲಿ ಯಾರೂ ಕಪ್ಪೆಗೆ ನೋವು ಮಾಡುವಂತಿಲ್ಲ. ಆ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆದವಳು ನಮ್ಮಮ್ಮನೇ. ಮೀನು ತಾ ಅನ್ನುವವಳೂ ಅವಳೇ, ಕಪ್ಪೆ ಮುಟ್ಟಬೇಡ ಅನ್ನುವವಳೂ ಅವಳೇ. ಎರೆಹುಳಕ್ಕೆ ಬರೀ ಪುಡಿ ಮೀನು ಬೀಳುತ್ತಿದ್ದವು. ಕೆರೆಯ ನೀರು ಇಳಿದು ತೂಬಿನ ಹತ್ತಿರದ ಗುಂಡಿಯಲ್ಲಿ ಮಾತ್ರ ಉಳಿದಿತ್ತು. ಜೊಂಡಿನ ಬೇರಿಗೆ ಸಿಕ್ಕಿ ಬಲೆ ಹರಿಯುತ್ತಿತ್ತು.

ಆಗ ನೆನಪಾಗಿದ್ದು ರಬ್ಬರ್ ಮೀನು. ಒಮ್ಮೆ ಬೇತಮಂಗಲದ ಕೆರೆ ಏರಿಯ ಮೇಲೆ, ಚಿನ್ನದ ಗಣಿ ಕಡೆಯಿಂದ ಜೀಪಿನಲ್ಲಿ ಬಂದಿದ್ದ ಒಬ್ಬರು ಮೆತ್ತನೆಯ ಮೀನಿನ ಗೊಂಬೆಯನ್ನು ನೈಲಾನ್ ದಾರಕ್ಕೆ ಕಟ್ಟಿ ಎಸೆದು ಎಳೆಯುತ್ತಿದ್ದರು. ನೀರಿನೊಳಗೆ ಅದರ ಬಾಲ ಆಡುವುದನ್ನು ಕಂಡು ನಾನು ನಿಜವಾದ ಮೀನೇ ಅಂದುಕೊಂಡಿದ್ದೆ. ಅಂಥದ್ದನ್ನು ನಾನೇ ಮಾಡುತ್ತೇನೆ ಎಂದು ಹೊರಟೆ.

ಮೊದಲು ಸೈಕಲ್ ಟ್ಯೂಬು ಕತ್ತರಿಸಿದೆ. ಹಗ್ಗದ ತುಂಡಿನ ಹಾಗೆ ಬಿದ್ದಿತು. ಹವಾಯಿ ಚಪ್ಪಲಿಯ ಅಟ್ಟೆ ಕೆತ್ತಿದೆ. ಅದು ತೇಲಿತು, ಬಾಗಲಿಲ್ಲ. ಆಮೇಲೆ ತಿಪ್ಪೆಯಿಂದ ಕಪ್ಪು, ಹಸಿರು ಪ್ಲಾಸ್ಟಿಕ್ ಚಪ್ಪಲಿಗಳನ್ನು ಆರಿಸಿ ತಂದು, ಚೂರು ಮಾಡಿ, ಕಬ್ಬಿಣದ ಸೌಟಿನಲ್ಲಿ ಹಾಕಿ ಒಲೆಯ ಮೇಲೆ ಹಿಡಿದೆ. ಮನೆಯೆಲ್ಲ ಕಪ್ಪು ಹೊಗೆ. ಅಮ್ಮ ಓಡಿಬಂದಳು.

"ಹುಳ ಹಣ್ಣಾಗೋ ಹೊತ್ನಲ್ಲಿ ಈ ಹಾಳು ಹೊಗೆ ತಾಕಿಸ್ತೀಯೇನೋ? ಒಂದು ಗೂಡು ಕಟ್ಟಾಕಿಲ್ಲ ಅವು. ಹೋಗು, ತಿಪ್ಪೆ ಹಿಂದಕ್ಕೆ ಹೋಗಿ ಸಾಯಿ."

ತಿಪ್ಪೆಯ ಹಿಂದೆ ಮೂರು ಕಲ್ಲು ಹೂಡಿಕೊಂಡೆ. ಕೆರೆಯ ಜೇಡಿಮಣ್ಣಿನಲ್ಲಿ ಒಂದು ಸಣ್ಣ ಮೀನನ್ನು ಒತ್ತಿ, ಗಣೇಶನಿಗೆ ಮಾಡುವ ಹಾಗೆ ಎರಡು ಹೋಳಿನ ಅಚ್ಚು ಮಾಡಿ ಒಣಗಿಸಿದೆ. ಒಳಗೆ ಹರಳೆಣ್ಣೆ ಸವರಿ, ಕರಗಿದ ಪ್ಲಾಸ್ಟಿಕ್ ಹುಯ್ದು, ಎರಡನ್ನೂ ಒತ್ತಿ ಹಿಡಿಯುವುದು. ಉರಿ ಜಾಸ್ತಿಯಾದರೆ ಸೀದು ಕರಕಲು. ಕಮ್ಮಿಯಾದರೆ ಅಚ್ಚಿನೊಳಗೆ ಇಳಿಯದು. ಕೈ ಬೊಬ್ಬೆ ಬಂತು, ಕೆಮ್ಮು ಹಿಡಿಯಿತು. ಕೊನೆಗೆ ಒಂದು ಮೀನು ಅನ್ನುವಂಥದ್ದು ಹೊರಬಂತು. ತಗೊಂಡು ಹೋಗಿ ಹೆಂಡತಿಗೆ ತೋರಿಸಿದೆ.

ತಿರುಗಿಸಿ ತಿರುಗಿಸಿ ನೋಡಿದಳು. "ಇದೇನ್ರೀ, ಬದನೇಕಾಯಾ?"

ಆಸ್ಪತ್ರೆಯಿಂದ ಬಂದ ಮೇಲೆ ಅವಳು ತಾನಾಗಿ ಆಡಿದ ಮೊದಲ ತಮಾಷೆ ಅದು. ನನಗೆ ಸಿಟ್ಟು ಬರಬೇಕಿತ್ತು, ಕಣ್ಣಲ್ಲಿ ನೀರು ಬಂತು.

ಅಂದಿನಿಂದ ಅದು ಇಬ್ಬರ ಕೆಲಸವಾಯಿತು. ಅಗಲವಾದ ಬೋಸಿಗೆ ನೀರು ತುಂಬಿ ಮಂಚದ ಪಕ್ಕ ಇಡುತ್ತಿದ್ದೆ. ಅವಳು ಮಲಗಿದ್ದಲ್ಲಿಂದಲೇ ಕೈ ಇಳಿಬಿಟ್ಟು, ಮೀನಿಗೆ ಕಟ್ಟಿದ ದಾರವನ್ನು ಆ ಅಂಚಿನಿಂದ ಈ ಅಂಚಿಗೆ ಎಳೆಯುವಳು. "ಸೊಂಟ ಹಿಡ್ಕೊಂಡಿರೋ ಮುದುಕನ ಥರ ಹೋಗ್ತೈತೆ. ಬಾಲದ ಹತ್ರ ಇಷ್ಟು ದಪ್ಪ ಇದ್ರೆ ಎಲ್ಲಿ ಆಡುತ್ತೆ? ವೀಳ್ಯದೆಲೆ ತುದಿ ಥರ ತೆಳ್ಳಗೆ ಮಾಡಿ," ಅನ್ನುವಳು. ನಾನು ಅಚ್ಚು ಕೆರೆದು ತಿದ್ದುವೆ. ತೆಳ್ಳಗೆ ಮಾಡಿದರೆ ಬಾಲ ಪಟ್ಟನೆ ಮುರಿಯುತ್ತಿತ್ತು. ತಿಪ್ಪೆಯ ಚಪ್ಪಲಿಗಳು ಬಿಸಿಲಿಗೆ ಒಣಗಿ ಸತ್ವ ಕಳಕೊಂಡಿದ್ದವು.

"ಹೊಸ ಪ್ಲಾಸ್ಟಿಕ್ ಬೇಕು ಕಣೇ. ಮೆತ್ತಗಿರೋದು."

"ಮಂಚದ ಕೆಳಗೆ ನೋಡಿ," ಅಂದಳು.

ಅಲ್ಲಿ ಅವಳ ಕೆಂಪು ಚಪ್ಪಲಿ ಇದ್ದವು. ಮುಳಬಾಗಿಲಿನಲ್ಲಿ ಚೌಕಾಸಿ ಮಾಡಿ ಕೊಂಡಿದ್ದು. ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ತೆಳು ಕೆಂಪು. ಹೆರಿಗೆ ನೋವಿನಲ್ಲಿ ಲಾರಿ ಹತ್ತುವಾಗಲೂ ಬಿಡದೆ ಹಾಕಿಕೊಂಡಿದ್ದಳು. ವಾಪಸು ಬಂದ ಮೇಲೆ ಮುಟ್ಟಿರಲಿಲ್ಲ.

"ಅವು ಬೇಡ ಕಣೇ."

"ತಗೊಳ್ಳಿ. ನಾನೆಲ್ಲಿ ಓಡಾಡ್ತಿದೀನಿ ಈಗ? ಎದ್ದು ಓಡಾಡೋ ದಿನ ಹೊಸವು ಕೊಡ್ಸಿ. ಇಂಥವೇ, ಕೆಂಪವು."

ಒಂದು ಚಪ್ಪಲಿ ನನ್ನ ಅವಸರಕ್ಕೆ ಸೌಟಿನಲ್ಲೇ ಸೀದು ಹೋಯಿತು. ಇನ್ನೊಂದನ್ನು ಉಸಿರು ಬಿಗಿಹಿಡಿದು ಕರಗಿಸಿದೆ. ಬೋಸಿಯಲ್ಲಿ ಬಿಟ್ಟು ಎಳೆದಾಗ ಅದರ ಬಾಲ ಅತ್ತಿತ್ತ ಬಳುಕಿತು, ಮೈಯೂ ಜೊತೆಗೆ ತಿರುಗಿತು. ಅವಳು ಮತ್ತೆ ಮತ್ತೆ ಎಳೆದಳು. ಜೋರಾಗಿ ನಕ್ಕು, ಗಾಯ ಜಗ್ಗಿ, ಹೊಟ್ಟೆ ಹಿಡಿದುಕೊಂಡಳು. "ಹೋಗ್ರೀ, ಹೋಗಿ ಹಿಡ್ಕೊಂಬನ್ನಿ," ಅಂದಳು. ಅಷ್ಟು ಸಂತೋಷದ ಮುಖ ಆಮೇಲೆ ನಾನು ನೋಡಲಿಲ್ಲ.

ಮರುದಿನ ಬೆಳಗ್ಗೆ ಕೆಂಪು ಮೀನಿಗೆ ಗಾಳ ಚುಚ್ಚಿ, ಬಿದಿರು ಕೋಲಿಗೆ ಕಟ್ಟಿಕೊಂಡು ತೂಬಿನ ಗುಂಡಿಗೆ ಹೋದೆ. ಜೊಂಡಿನ ಪಕ್ಕ ಒಂದೆಡೆ ನೀರು ಮೊರದಗಲ ಮಾತ್ರ ಕುದಿಯುವ ಹಾಗೆ ಆಡುತ್ತಿತ್ತು. ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಮೇಲೆ ಬಂದು ಮುಳುಗುತ್ತಿದ್ದವು. ಏನೋ ಹುಳ ಇರಬೇಕು, ಹುಳ ತಿನ್ನಲು ಮೀನು ಬರುತ್ತದೆ ಎಂದು ಅಲ್ಲಿಗೇ ಎಸೆದೆ. ಎರಡು ಗೇಣು ಎಳೆದಿರಬಹುದು. ನೀರು ಒಡೆದು ಕಪ್ಪು ತಲೆ ಎದ್ದಿತು, ಬಿದಿರು ಬಾಗಿತು, ನಾನು ಮೊಣಕಾಲುದ್ದ ಕೆಸರಿಗೆ ಜಾರಿದೆ. ಎಳೆದು ಹಾಕಿದಾಗ ಮೊಳಕ್ಕಿಂತ ಉದ್ದದ ಕೊರಮೀನು.

ಒದ್ದೆ ಗೋಣಿಯಲ್ಲಿ ಸುತ್ತಿ ಓಡಿದೆ. ಅಮ್ಮ ಖಾರ ಅರೆದುಕೊಂಡೇ ಕಾಯುತ್ತಿದ್ದಳು. ಹಂಡೆಯ ನೀರಿಗೆ ಬಿಟ್ಟರೆ ಬದುಕೇ ಇತ್ತು. ಹೆಂಡತಿ ದಿಂಬಿಗೆ ಒರಗಿ ಎದ್ದು ಕೂತಳು. "ಹೇಳಿ, ಹೆಂಗೆ ಬಿತ್ತು, ಎಲ್ಲಾ ಹೇಳಿ."

ನಾನೋ, ಸಿಕ್ಕಿದ್ದೇ ಚಾನ್ಸು ಎಂದು ಬಣ್ಣ ಕಟ್ಟಿ ಹೇಳಿದೆ. ಬಾಲ ಹೇಗೆ ಆಡಿತು, ನಿಜವಾದ ಮೀನೆಂದು ಹೇಗೆ ಮೋಸ ಹೋಯಿತು. ಮೊರದಗಲ ನೀರು ಕೆಂಪಗೆ ಕುದಿಯುತ್ತಿದ್ದುದನ್ನೂ ಹೇಳಿದೆ. ಅಲ್ಲಿಗೆ ಅವಳ ಮುಖ ಇಳಿಯಿತು.

"ಕೆಂಪಗೆ? ಚುಕ್ಕೆ ಚುಕ್ಕೆ?"

"ಹೂಂ. ಯಾವುದೋ ಹುಳ."

"ಹುಳ ಅಲ್ಲ. ಮರಿಗಳು. ಕೊರಮೀನಿನ ಮರಿ ಕೆಂಪಗೇ ಇರ್ತಾವೆ. ಗುಂಪಾಗಿ ಆಡ್ತಿದ್ರೆ ತಾಯಿ ಕೆಳಗೇ ಕಾವಲಿರ್ತದೆ." ಆಮೇಲೆ ಮಾತು ತೆಲುಗಿಗೆ ಹೊರಳಿತು. "ತಿನೇದಾನ್ಕಿ ರಾಲೇದು ಅದಿ. ಬಿಡ್ಡ ಕೋಸಂ ವಚ್ಚಿಂದಿ."

ತಿನ್ನೋದಕ್ಕೆ ಬಂದಿದ್ದಲ್ಲ, ಮಗುವಿಗೋಸ್ಕರ ಬಂದಿದ್ದು. ಮಳೆಗಾಲದಲ್ಲಿ ಮರಿ ಮಾಡುವ ಮೀನು. ಆ ವರ್ಷ ಯಾಕೆ ಅಷ್ಟು ಬೇಗ ಮಾಡಿತೋ ಕಾಣೆ.

"ಬಿಟ್ಬನ್ನಿ," ಅಂದಳು.

ಅಮ್ಮ ಈಳಿಗೆಮಣೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಏನಂದೆ? ಇವನು ಕೈ ಸುಟ್ಕೊಂಡು, ಎದೆ ಕೆಡಿಸ್ಕೊಂಡು ತಂದವ್ನೆ. ನಿನ್ನ ಹೊಟ್ಟೆ ಕೂಡ್ಲಿ ಅಂತ ಕಣಮ್ಮಾ. ಮೀನಿಗೆ ಅಳೋಳು ಭೂಮಿ ಮೇಲೆ ನೀನೊಬ್ಳೇ."

"ನನ್ನ ಚಪ್ಪಲೀನ ಮಗು ಅನ್ಕೊಂಡು ಬಂತು ಅತ್ತೆ," ಅಂದಳು ಅವಳು. "ನಂಗೆ ಇಳಿಯಲ್ಲ ಅದು. ಗಂಟಲಲ್ಲಿ ಇಳಿಯಲ್ಲ."

ನನಗೆ ಅವಳ ಮೇಲೆ ಕೆಟ್ಟ ಕೋಪ ಬಂತು. ಕುಡಿಯೇ, ನಿನ್ನ ಜೀವ ಮುಖ್ಯ, ಎಂದು ಕೂಗಬೇಕೆನಿಸಿತು. ಕೂಗಿದೆನೂ. ಅವಳು ಗೋಡೆಗೆ ತಿರುಗಿದಳು. ಹಂಡೆಯಲ್ಲಿ ಮೀನು ಬಡಿದುಕೊಳ್ಳುತ್ತಿತ್ತು. ಅಮ್ಮ ಬಹಳ ಹೊತ್ತು ನಿಂತಿದ್ದು, ಈಳಿಗೆಮಣೆ ಒಳಗಿಟ್ಟು ಬಂದಳು. "ತಗೊಂಡೋಗು. ಅದು ಸಾಯೋಕೆ ಮುಂಚೆ ತಗೊಂಡೋಗು," ಅಂದಳು.

ಅದೇ ಗುಂಡಿಯಲ್ಲಿ ಬಿಟ್ಟೆ. ಕೆಸರಿನಲ್ಲಿ ಸ್ವಲ್ಪ ಹೊತ್ತು ಓರೆಯಾಗಿ ಬಿದ್ದಿದ್ದು, ನೆಟ್ಟಗಾಗಿ, ಜೊಂಡಿನ ಕಡೆ ಹೋಯಿತು. ಅಲ್ಲಿ ಕೆಂಪು ಏನೂ ಇರಲಿಲ್ಲ. ಕೊಕ್ಕರೆಗಳು ಮಾತ್ರ ಸಾಲಾಗಿ ನಿಂತಿದ್ದವು. ಬಿಸಿಲು ಏರುವ ತನಕ ಕಾದು ಕೂತೆ. ನೀರು ಮತ್ತೆ ಆಡಲಿಲ್ಲ.

ಮನೆಗೆ ಬಂದಾಗ, "ಮರಿ?" ಎಂದು ಕೇಳಿದಳು.

"ಕಾಣಲಿಲ್ಲ ಕಣೇ."

ತಲೆ ಆಡಿಸಿದಳು. ಆಮೇಲೆ ನಮ್ಮ ಮಗು ಯಾವ ಬಣ್ಣ ಇತ್ತು ಎಂದು ಕೇಳಿದಳು. ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರ ಬರುವ ಮೊದಲೇ ನಾನು ಮಣ್ಣು ಮಾಡಿ ಬಂದಿದ್ದೆ. ಕೆಂಪಗಿತ್ತು ಅಂದೆ. ನಿಜವಾಗಿಯೂ ಕೆಂಪಗಿತ್ತು. ಅಷ್ಟು ದಿನದಿಂದ ತಡೆದುಕೊಂಡಿದ್ದ ಅಳುವನ್ನೆಲ್ಲ ಅವತ್ತು ಅತ್ತಳು, ನಾನೂ ಅತ್ತೆ.

ಆ ಸಾರು ಕುಡಿದಿದ್ದರೆ ಉಳಿಯುತ್ತಿದ್ದಳು ಎಂದು ಅಮ್ಮ ಸಾಯುವ ತನಕ ಹೇಳುತ್ತಿದ್ದಳು. ನನಗೆ ಗೊತ್ತಿಲ್ಲ. ಗಾಯ ಒಳಗೊಳಗೇ ಕೀವಾಗಿತ್ತು, ಮೀನಿನಿಂದ ಆಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದರು. ಒಮ್ಮೊಮ್ಮೆ ಡಾಕ್ಟರ ಮಾತು ನಂಬುತ್ತೇನೆ, ಒಮ್ಮೊಮ್ಮೆ ಅಮ್ಮನದು.

ಜ್ವರ ಏರಿದ ದಿನ ಬೈರಕೂರಿನ ತನಕ ಎತ್ತಿನ ಗಾಡಿ, ಅಲ್ಲಿಂದ ಬಸ್ಸು. ಮುಳಬಾಗಿಲಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಆಚೆ ಅಂಗಡಿಯಲ್ಲಿ ಚಪ್ಪಲಿಗಳು ಜೋತಾಡುತ್ತಿದ್ದವು, ಕೆಂಪವೂ ಇದ್ದವು. ಅವಳು ನೋಡಿದಳು. ಇಳಿದರೆ ಬಸ್ಸು ಹೊರಟೀತು ಎಂದು ನನಗೆ ಭಯ. "ಬರೋವಾಗ ತಗೊಳ್ಳೋಣ," ಅಂದೆ. "ಹೂಂ," ಅಂದಳು.

ಕೋಲಾರದ ಆಸ್ಪತ್ರೆಯಲ್ಲಿ ಎರಡನೇ ಸಲ ಕೊಯ್ದರು. ಆ ವಾರ ಮಳೆ ಶುರುವಾಯಿತು. ಆಸ್ಪತ್ರೆ ಹಿಂದಿನ ನೀರಿನಲ್ಲಿ ಕಪ್ಪೆಗಳು ಕೂಗುತ್ತಿದ್ದವು. ಅವಳಿಗೆ ಕೇಳಿಸಿತೋ ಇಲ್ಲವೋ.

ಕೊನೆಗೆ ಅವಳ ಸಾಮಾನು ಗಂಟು ಕಟ್ಟಿ ಕೊಡುವುದಕ್ಕೆ ಒಬ್ಬ ಆಯಾ ಬಂದಳು. ಸೀರೆ, ಬಳೆ, ಲೋಟ, ಎಲ್ಲ ಎಣಿಸಿ ಕೈಗಿತ್ತಳು. ಆಮೇಲೆ ಬಗ್ಗಿ ಮಂಚದ ಕೆಳಗೆ ನೋಡಿದಳು, ಪಕ್ಕದ ಮಂಚದ ಕೆಳಗೂ ನೋಡಿದಳು.

"ಚಪ್ಪಲಿ ಎಲ್ಲಪ್ಪಾ? ಆಮೇಲೆ ಕಳೆದೋಯ್ತು ಅಂತ ನಮ್ಮನ್ನ ಕೇಳ್ಬೇಡ."

"ಇರಲಿಲ್ಲಮ್ಮ," ಅಂದೆ. "ಬರಿಗಾಲಲ್ಲೇ ಬಂದಿದ್ಲು."