ಮೇಸ್ತ್ರಿಯ ದನಿ ಹೊತ್ತು ದೇವದುರ್ಗಕ್ಕೆ

ರಾಯಚೂರಿನಿಂದ ಬೆಳಗಿನ ದೇವದುರ್ಗದ ಬಸ್ಸಿಗೆ ನಾವು ಮೂವರು ಹತ್ತಿದೆವು. ನಾಲ್ಕನೆಯದು ಒಂದು ಬುಟ್ಟಿ. ಅದರ ತುಂಬ ಜೋಳದ ಕಟಕ ರೊಟ್ಟಿ, ಮೇಲೆ ಶೇಂಗಾ ಹಿಂಡಿಯ ಪೊಟ್ಟಣ. ನಮ್ಮ ಓಣಿಯ ಪ್ರತಿ ಮನೆಯಿಂದ ಎರಡೆರಡು ರೊಟ್ಟಿ ಬಂದಿದ್ದವು. ಕೂಲಿ ಮಾಡಿ ಉಣ್ಣುವ ಓಣಿ ನಮ್ಮದು. ಎರಡು ರೊಟ್ಟಿ ಅಲ್ಲಿ ಸಣ್ಣ ಮಾತಲ್ಲ.

"ಬುಟ್ಟಿಗೂ ಟಿಕೀಟು ತಗೀರಿ" ಎಂದ ಕಂಡಕ್ಟರ್, ಮೂಗಿನಲ್ಲಿ.

"ಅರ್ಧ ಕೊಡ್ರಿ, ಇನ್ನಾ ಸಣ್ಣದದ" ಎಂದೆ, ಅವನದೇ ಮೂಗಿನಲ್ಲಿ.

ಬಸ್ಸು ನಕ್ಕಿತು. ಕಂಡಕ್ಟರ್ ನಗದೆ ಬುಟ್ಟಿಯನ್ನು ನನ್ನ ತೊಡೆಯ ಮೇಲೆ ಕೂರಿಸಿದ. ಕಲ್ಮಲ ದಾಟುವಷ್ಟರಲ್ಲಿ ನನ್ನ ಎರಡೂ ಕಾಲು ಜೋಮು ಹಿಡಿದಿದ್ದವು.

ಪಕ್ಕದಲ್ಲಿ ಹನುಮವ್ವ. ಹತ್ತಿ ಜಿನ್ನಿನಲ್ಲಿ ಕೂಲಿ, ನಮ್ಮ ಓಣಿಯ ಸಂಘಕ್ಕೆ ಹಿರಿಯಳು. ಮುಂದಿನ ಸೀಟಿನಲ್ಲಿ ಬಾಳೆಹಣ್ಣಿನ ವ್ಯಾಪಾರಿ ಖಾಜಾ ಭಾಯಿ. ಮನೆಯಲ್ಲಿ ದಖ್ಖನಿ, ಸಂತೆಯಲ್ಲಿ ಕನ್ನಡ, ಬೈಯುವಾಗ ತೆಲುಗು. ನಾನು ಯಾರು? ಉದ್ಯೋಗವಿಲ್ಲ, ಗಂಟಲಿದೆ. ಅಷ್ಟೆ.

ದೇವದುರ್ಗದ ಆಚೆ ಕಾಲುವೆ ಕೆಲಸ ನಡೆದಿತ್ತು. ತೆಲಂಗಾಣದ ಪಾಲಮೂರು ಕಡೆಯಿಂದ ಬಂದ ಹತ್ತಾರು ಕುಟುಂಬಗಳು ಅಲ್ಲಿ ಕಲ್ಲು ಒಡೆಯುತ್ತಿದ್ದವು. ಅವರಿಗೆ ಊರಿಗೆ ಹೋಗಬೇಕಿತ್ತು, ಮೇಸ್ತ್ರಿ ಬಿಡುತ್ತಿರಲಿಲ್ಲ. ಅವರಲ್ಲಿ ನಾಗಮ್ಮ ಎಂಬವಳಿಗೆ ಎಂಟು ತಿಂಗಳು ತುಂಬಿತ್ತು, ತಾಯಿಯ ಮನೆಯಲ್ಲಿ ಹೆರಬೇಕು ಎಂದು ಅವಳ ಹಟ. ನಮ್ಮ ಸಂಘ ಅರ್ಜಿ ಕೊಟ್ಟ ಮೇಲೆ ಅಧಿಕಾರಿಯೊಬ್ಬರು ಬಂದು ವಿಚಾರಿಸಿದ್ದರು. ಮೇಸ್ತ್ರಿ ಕೂಲಿಯವರ ಬೆನ್ನ ಹಿಂದೆಯೇ ನಿಂತಿದ್ದ. ಎಲ್ಲರೂ ತಲೆ ತಗ್ಗಿಸಿ "ಸುಖವಾಗಿದ್ದೇವೆ" ಎಂದುಬಿಟ್ಟಿದ್ದರು. ನಾವು ಮತ್ತೆ ಅರ್ಜಿ ಹಾಕಿದೆವು. ನಾವು ಬಸ್ಸು ಹತ್ತಿದ ಮರುದಿನವೇ ಮಾನ್ವಿಯ ಪ್ರವಾಸಿ ಮಂದಿರಕ್ಕೆ ಬರುವಂತೆ ಅಧಿಕಾರಿ ಅವರಿಗೆ ಹೇಳಿದ್ದರು. ಈ ಸಲವೂ ಬಾಯಿ ಬಿಡದಿದ್ದರೆ ಕಡತ ಮುಚ್ಚುವುದು ಖಂಡಿತವಿತ್ತು.

ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿದೆ. ಸಾಹೇಬರ ಮುಂದೆ ಮಾತಾಡಬೇಕಾದವರು ಮೊದಲು ಕಟ್ಟೆಯ ಮೇಲೆ ಓಣಿಯ ಮುಂದೆ ಮಾತಾಡಬೇಕು. ಒಬ್ಬರು ಸಾಹೇಬರಾಗಿ ಗದರಿಸಬೇಕು. ನಳ, ರೇಷನ್ ಕಾರ್ಡು ಎಲ್ಲ ನಮಗೆ ಬಂದದ್ದು ಹೀಗೆಯೇ. ಎರಡು ವರ್ಷದಿಂದ ನಾನೇ ಸಾಹೇಬ. ಇಷ್ಟು ಬಡ್ತಿ ಸರಕಾರಿ ನೌಕರನಿಗೂ ಸಿಕ್ಕಿರಲಿಕ್ಕಿಲ್ಲ.

ದೇವದುರ್ಗದಲ್ಲಿ ಚಹಾ ಕುಡಿದು, ಕಾಲುವೆಯ ಏರಿ ಹಿಡಿದು ಎರಡು ತಾಸು ನಡೆದೆವು. ಅಂದು ಸಂತೆ, ಮೇಸ್ತ್ರಿ ಅಲ್ಲಿಗೆ ಹೋಗಿದ್ದ. ಡೇರೆಗಳ ನಡುವೆ ಕೂತು ಎಲ್ಲರೂ ರೊಟ್ಟಿ ಮುರಿಯತೊಡಗಿದರು. ಈ ಸಲ ನಾನು ಸಾಹೇಬನಲ್ಲ, ಮೇಸ್ತ್ರಿಯಾಗಬೇಕಿತ್ತು; ಹಿಂದಿನ ಸಲ ಬಂದಾಗ ಅವನ ದನಿ ಕೇಳಿಸಿಕೊಂಡಿದ್ದೆ. ಹೆಗಲಿಗೆ ಟವೆಲ್ ಹಾಕಿ, ಅವನಂತೆಯೇ ಗಂಟಲು ಕೆರೆದು ಕೂಗಿದೆ: "ಏ, ಏಳ್ರಲೇ! ಬುಟ್ಟಿ ಎತ್ತು!"

ನಗುತ್ತಾರೆ ಎಂದುಕೊಂಡಿದ್ದೆ. ಬಾಯಲ್ಲಿದ್ದ ತುತ್ತು ನುಂಗದೆ ಎಲ್ಲರೂ ಎದ್ದು ನಿಂತರು. ಸಾಯಣ್ಣ ಎಂಬ ಮುದುಕ ಬಗ್ಗಿ ರೊಟ್ಟಿಯ ಬುಟ್ಟಿಯನ್ನೇ ಎತ್ತಿಬಿಟ್ಟ. ನಾಗಮ್ಮ ಹೊಟ್ಟೆ ಹಿಡಿದುಕೊಂಡು ಏಳುತ್ತಿದ್ದಳು.

"ಭಾಳ ಚೊಲೊ ಮಾಡ್ದಿ ನೋಡು, ಭಾಡ್ಯಾ" ಎಂದಳು ಹನುಮವ್ವ.

ನನ್ನ ಕಿವಿ ಸುಟ್ಟವು. ಟವೆಲ್ ತೆಗೆದು, "ನನ್ನಿಂದ ಆಗಂಗಿಲ್ಲ ಯವ್ವಾ" ಎಂದೆ.

"ಅರೇ, ಮಾಡಲೇ. ಅಂಜಿಕಿ ಹಳೇದಾಗೂತನಕ ಮಾಡು" ಎಂದರು ಖಾಜಾ ಭಾಯಿ.

ನಾಗಮ್ಮ ಮತ್ತೆ ನೆಲಕ್ಕೆ ಕೂತಳು. "ಮಾಡು ತಮ್ಮಾ. ಕುಂತಲ್ಲಿಂದ ಏಳದ ಇರ್ತೀನೇನು ನೋಡ್ತೀನಿ."

ಎರಡನೆಯ ಸಲ ಅರ್ಧ ಎದ್ದಳು. ಐದನೆಯ ಸಲ ಮಂಡಿ ಮಾತ್ರ ಅಲುಗಿತು. ಹತ್ತೋ ಹನ್ನೆರಡೋ ಆದಮೇಲೆ ನಾನು ಕೂಗುವ ಮೊದಲೇ, "ಮೊದಲ ಕಫಾ ಉಗುಳ್ರಿ ಮೇಸ್ತ್ರಿ" ಎಂದಳು. ಆಗ ನಕ್ಕರು ನೋಡಿ! ಸಾಯಣ್ಣನೊಬ್ಬ ನಗಲಿಲ್ಲ. ಅವನು ಪ್ರತಿ ಸಲವೂ ಎದ್ದಿದ್ದ.

ದೇವದುರ್ಗದಲ್ಲಿ ಖಾಜಾ ಭಾಯಿಯ ಬೀಗರ ಮನೆಯಲ್ಲಿ ಉಳಿದು, ಮರುದಿನ ಸಿರವಾರಕ್ಕೆ ಬಂದೆವು. ಮಾನ್ವಿಯ ಬಸ್ಸಿಗೆ ಅಲ್ಲಿನ ಅಕ್ಕಿ ಗಿರಣಿಯ ಹೆಂಗಸರೂ ಹತ್ತಿದರು. ಹನುಮವ್ವ ಮೊದಲೇ ಹೇಳಿ ಕಳಿಸಿದ್ದಳು. ತಲೆಯ ಮೇಲೆ ತೌಡಿನ ಧೂಳು ಹಾಗೇ ಇತ್ತು. ಅಂದಿನ ಕೂಲಿ ಬಿಟ್ಟು ಬಂದಿದ್ದರು.

"ನೀವೂ ಮಾತಾಡ್ತೀರೇನ್ರಿ?" ಎಂದೆ.

"ಇಲ್ಲಪ್ಪಾ, ಬರೇ ನಿಂದ್ರತೀವಿ" ಎಂದಳು ಒಬ್ಬಳು. "ಅವರ ಬೆನ್ನಹಿಂದ ಮೇಸ್ತ್ರಿ ಒಬ್ಬನ ಯಾಕ ನಿಂದ್ರಬೇಕು?"

ಆ ಮಾತು ಕೇಳಿ ನನ್ನ ಎದೆ ಅಗಲವಾಯಿತು. ಬಸ್ಸಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮೇಸ್ತ್ರಿ ಕೂಲಿಯವರನ್ನು ಲಾರಿಯಲ್ಲಿ ತಂದಿಳಿಸಿ, ಪ್ರವಾಸಿ ಮಂದಿರದ ಪಡಸಾಲೆಯಲ್ಲಿ ಅವರ ಹಿಂದೆಯೇ ನಿಂತ. ಗಿರಣಿಯ ಹೆಂಗಸರು ಅವನ ಎಡಬಲಕ್ಕೆ ನಿಂತರು. ಅಧಿಕಾರಿ ಕನ್ನಡಕ ಒರೆಸಿ, "ಇಷ್ಟಪಟ್ಟು ಇದ್ದೀರೋ, ಹೋಗಬೇಕೋ?" ಎಂದರು.

ಮೇಸ್ತ್ರಿ ಗಂಟಲು ಕೆರೆದ.

ಸಾಲಿನಲ್ಲಿದ್ದ ಭುಜಗಳೆಲ್ಲ ಒಮ್ಮೆಗೇ ಸೆಟೆದವು. ಸಾಯಣ್ಣನ ಕೈ ಕೆಳಗೆ ಇಲ್ಲದ ಬುಟ್ಟಿಯನ್ನು ತಡಕಿತು.

ನಾಗಮ್ಮ ತಿರುಗಿ ಮೇಸ್ತ್ರಿಯನ್ನು ನೋಡಿದಳು. ಆಮೇಲೆ ನನ್ನತ್ತ ಬೆರಳು ತೋರಿಸಿದಳು. "ಸಾಹೇಬ್ರ, ಈತಗಿಂತ ಆ ಹುಡುಗ ಚೊಲೊ ಕೆರೀತಾನ್ರಿ." ಎಂದವಳೇ ನೆಲದ ಮೇಲೆ ಕೂತುಬಿಟ್ಟಳು. "ನಾ ಊರಿಗಿ ಹೋಗ್ತೀನಿ. ಇಲ್ಲಿಂದ ಹೋಗ್ತೀನಿ, ಇವತ್ತ ಹೋಗ್ತೀನಿ."

ಅವಳ ಪಕ್ಕದವಳು ಕೂತಳು. ಇನ್ನೊಬ್ಬ ಕೂತ. ಒಬ್ಬೊಬ್ಬರೇ ಕೂರುತ್ತ ಸಾಲು ಇಳಿಯಿತು. ಕೊನೆಗೆ ಸಾಯಣ್ಣನೊಬ್ಬ ನಿಂತಿದ್ದ. ಮೇಸ್ತ್ರಿ ಇನ್ನೊಮ್ಮೆ ಕೆರೆದ. ಸಾಯಣ್ಣ ಅವನನ್ನೇ ನೋಡುತ್ತ, ಎರಡೂ ಕೈ ಮಂಡಿಗೆ ಊರಿ, ನಿಧಾನವಾಗಿ ಕೂತ.

ಅಧಿಕಾರಿ ಎಲ್ಲರ ಹೆಸರು, ಎಲ್ಲರ ಮಾತು ಬರೆದುಕೊಂಡರು. ಪೊಲೀಸನೊಬ್ಬನನ್ನು ಜೊತೆಗೆ ಕೊಟ್ಟು ಡೇರೆಯ ಸಾಮಾನು ತರಿಸಿದರು. ಸಂಜೆ ಅವರನ್ನು ಕರೆದುಕೊಂಡು ಕುರ್ಡಿಯ ದಾರಿಯಲ್ಲಿ ರಾಯಚೂರಿಗೆ ಬಂದಾಗ ನಮ್ಮ ಓಣಿಯಲ್ಲಿ ಅನ್ನ ಬೇಯುತ್ತಿತ್ತು. ಯಾರ ಮನೆಗೆ ಎಷ್ಟು ಮಂದಿ ಎಂದು ಹೆಂಗಸರು ಜಗಳಾಡುತ್ತಿದ್ದರು, ಎಲ್ಲರಿಗೂ ಹೆಚ್ಚು ಮಂದಿಯೇ ಬೇಕಿತ್ತು! ಇಂಥ ಓಣಿಯಲ್ಲಿ ಹುಟ್ಟಿದ್ದು ನನ್ನ ಸಾಧನೆಯಲ್ಲ. ಆದರೂ ಅಂದು ಮೀಸೆ ತಿರುವಿಕೊಂಡೆ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

ಬೆಳಿಗ್ಗೆ ಪಾಲಮೂರಿನ ಬಸ್ಸಿಗೆ ಅವರನ್ನು ಹತ್ತಿಸಿದೆವು. ದಾರಿಗೆಂದು ರೊಟ್ಟಿ ಕೊಟ್ಟು ಖಾಲಿಯಾದ ಬುಟ್ಟಿ ನನ್ನ ಕಾಲ ಬಳಿಯಿತ್ತು. ಬಸ್ಸು ಅಲುಗಿದಾಗ ನಾಗಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು. ಕೈ ಬೀಸುತ್ತಾಳೆ ಎಂದುಕೊಂಡೆ. ಅವಳು ಗಂಟಲು ಕೆರೆದಳು.

"ಏ, ಏಳಲೇ! ಬುಟ್ಟಿ ಎತ್ತು!"

ಥೇಟು ಮೇಸ್ತ್ರಿ. ಬಸ್ಸಿನೊಳಗೆ ನಗೆ ಸಿಡಿಯಿತು. ಸಾಯಣ್ಣನ ನಗೆಯೂ ಇತ್ತು.

ಹನುಮವ್ವ ನನ್ನ ಕೈ ನೋಡಿ, "ಇಳಸಲೇ" ಎಂದಳು. ನಾನು ಬುಟ್ಟಿ ಎತ್ತಿಬಿಟ್ಟಿದ್ದೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಇಳಿಸಲಿಲ್ಲ.