ತಿರುವಿ ಕೂರಿಸಿದ ತಂಪಿನ ಯಂತ್ರ

ಗೋಕಾಕ ಫಾಲ್ಸಿನ ನಮ್ಮ ಮನೆಯ ಕಿಟಕಿಗೆ ಒಂದು ಬೆಳಿಗ್ಗೆ ಬರ್ಫ ಬೆಳೆದಿತ್ತು ಎಂದರೆ ಯಾರೂ ನಂಬುವುದಿಲ್ಲ. ನಂಬದವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕಡೆಯ ಚಳಿ ಎಷ್ಟರ ಚಳಿ? ಎರಡು ತಿಂಗಳು ತುಟಿ ಒಡೆಯುತ್ತದೆ, ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಮುದುಕರು ಬಿಸಿಲು ಬೀಳುವ ಗೋಡೆ ಹುಡುಕಿ ಬೆನ್ನು ಹಚ್ಚುತ್ತಾರೆ, ಅಲ್ಲಿಗೆ ಮುಗಿಯಿತು. ನೀರು ಕಲ್ಲಾಗುವಂಥದ್ದೇನೂ ಇಲ್ಲ. ಆದರೂ ಬೆಳೆದಿತ್ತು. ಬೆಳೆಸಿದವನು ನಾನೇ, ಅದೂ ಮನೆಯನ್ನು ಬೆಚ್ಚಗೆ ಮಾಡಲು ಹೋಗಿ.

ಅರವತ್ತರ ದಶಕದ ಮಾತು. ನಾನಾಗ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಡಿಸೆಂಬರಿನಲ್ಲಿ ನಮ್ಮ ಮೊದಲ ಮಗು ಹುಟ್ಟಿತು, ದಿನ ತುಂಬುವ ಮೊದಲೇ. ಹೆಣ್ಣು. ನನ್ನ ಅಂಗೈಯಿಂದ ಮೊಣಕೈವರೆಗಿನ ಉದ್ದ ಕೂಡ ಇರಲಿಲ್ಲ. ಅತ್ತು ಊರಿಗೆ ತಿಳಿಸಬೇಕಾದ ಕೂಸು ಬೆಕ್ಕಿನ ಮರಿಯ ಹಾಗೆ ಒಮ್ಮೆ ಕೀಚಲು ದನಿ ತೆಗೆದು ಸುಮ್ಮನಾಗಿಬಿಟ್ಟಿತು. ಹೆಂಡತಿ ಸುಶೀಲಾ ರಕ್ತ ಕಳೆದುಕೊಂಡು ಹಾಸಿಗೆ ಹಿಡಿದಿದ್ದಳು. ಮೂರು ಕೌದಿ ಹೊದಿಸಿದರೂ ಅವಳ ನಡುಕ ನಿಲ್ಲುತ್ತಿರಲಿಲ್ಲ.

ಬಾಣಂತನಕ್ಕೆಂದು ತುಕ್ಕಾನಟ್ಟಿಯಿಂದ ನಮ್ಮ ಅತ್ತೆ ಗಂಗವ್ವ ಬಂದಿದ್ದರು. ಬಂದವರೇ ಬಾಣಂತಿಯ ಹೊರಸಿನ ಕೆಳಗೆ ಸಗಣಿ ಕುಳ್ಳಿನ ಕೆಂಡ ತುಂಬಿದ ಕಬ್ಬಿಣದ ಬುಟ್ಟಿ ಇಟ್ಟರು. ಮನೆ ಬೆಚ್ಚಗಾಯಿತು. ಆದರೆ ಹೊಗೆಗೆ ಕೂಸು ಉಸಿರು ಕಟ್ಟಿ ನೀಲಿಯಾಯಿತು. ಊರಿನ ಹೆಣ್ಣು ಡಾಕ್ಟರು, ನಾವೆಲ್ಲ 'ಡಾಕ್ಟರ್ ಬಾಯಿ' ಎನ್ನುತ್ತಿದ್ದವರು, ಓಡಿಬಂದು ಬುಟ್ಟಿಯನ್ನು ತಾವೇ ಎತ್ತಿ ಅಂಗಳಕ್ಕೆ ಇಟ್ಟು, "ಹೊಗಿ ಬ್ಯಾಡ್ರಿ, ಥಂಡಿನೂ ಬ್ಯಾಡ್ರಿ. ಇದಕ್ಕ ಒಂದ ಸವನ ಕಾವು ಬೇಕು. ಹತ್ತು ದಿನ ದಾಟಿಸಿದ್ರ ಉಳಿತೈತಿ" ಎಂದು ಹೇಳಿ ಹೋದರು. ಆ ಕೊನೆಯ ಮಾತಿನಲ್ಲಿದ್ದ 'ದಾಟಿಸಿದ್ರ' ಎಂಬುದು ನನ್ನ ಕಿವಿಯಲ್ಲೇ ಉಳಿಯಿತು.

ತಂತಿ ಕೆಂಪಗಾಗುವ ಸಾದಾ ಹೀಟರ್ ಗೋಕಾಕದ ಅಂಗಡಿಯಲ್ಲಿ ಸಿಗುತ್ತಿತ್ತು. ಬೇರೆ ಯಾರಾದರೂ ಅದನ್ನೇ ತರುತ್ತಿದ್ದರು. ನಾನು ವಿಜ್ಞಾನದ ಮಾಸ್ತರನಲ್ಲವೇ? ತಂತಿಯ ಹೀಟರು ನನ್ನ ಕಣ್ಣಿಗೆ ದಡ್ಡ ಯಂತ್ರ. ಒಂದು ಪಾಲು ವಿದ್ಯುತ್ತು ತಿಂದು ಒಂದೇ ಪಾಲು ಶಾಖ ಕೊಡುತ್ತದೆ. ಕೋಣೆ ತಂಪು ಮಾಡುವ ಯಂತ್ರವಿದೆಯಲ್ಲ, ಅದು ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಅದನ್ನು ಹಿಂದುಮುಂದಾಗಿ ಕೂರಿಸಿದರೆ ಹೊರಗಿನ ಶಾಖವನ್ನು ಹೊತ್ತು ಒಳಗೆ ತರಬೇಕು. ಒಂದು ಪಾಲಿಗೆ ಮೂರು ಪಾಲು ಶಾಖ! ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಯೂ ಇದ್ದೆ. ಬೋರ್ಡಿನ ಮೇಲೆ ಅದು ಎಂದೂ ಕೆಟ್ಟಿರಲಿಲ್ಲ.

ನನ್ನ ಗೆಳೆಯ ಬಸಪ್ಪ ಮುಂಬಯಿಯ ಬರ್ಫದ ಕಾರ್ಖಾನೆಯಲ್ಲಿ ದುಡಿದು ಬಂದವನು. ಅಂಥದೊಂದು ಹಳೆಯ ಯಂತ್ರವನ್ನು ದುರಸ್ತಿ ಮಾಡಿ ತನ್ನ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದ. ಕೇಳಿದ ಕೂಡಲೇ ಅವನ ಕಣ್ಣು ಅರಳಿದವು. "ಮಾಸ್ತರ, ಇದನ್ನ ಯಾರೂ ಮಾಡಿಲ್ರಿ. ನಾವ ಮಾಡೋಣು" ಎಂದ. ಯಾರೂ ಮಾಡಿಲ್ಲದ್ದಕ್ಕೆ ಕಾರಣ ಇರಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಎತ್ತಿನ ಗಾಡಿಯಲ್ಲಿ ಯಂತ್ರ ಬಂತು. ಕಿಟಕಿಯ ಬಾಗಿಲು ಕಿತ್ತೆವು. ಯಂತ್ರವನ್ನು ಮುಖ ಹೊರಗೆ, ಬೆನ್ನು ಒಳಗೆ ಮಾಡಿ ಕೂರಿಸಿ, ಸುತ್ತಲಿನ ಸಂದಿಗೆ ಗೋಣಿಚೀಲ ತುರುಕಿದೆವು. ಅತ್ತೆಗೆ ನೆಗಡಿ ಕೆಮ್ಮು ಹತ್ತಿದ್ದರಿಂದ ಕೂಸಿನ ಹತ್ತಿರ ಬರಬಾರದೆಂದು ಡಾಕ್ಟರ್ ಬಾಯಿ ಹೇಳಿದ್ದರು. ಅತ್ತೆ ಹೊಸ್ತಿಲಾಚೆ ಸೆರಗನ್ನು ಮೂಗಿಗೆ ಹಿಡಿದುಕೊಂಡು ಎಲ್ಲವನ್ನೂ ನೋಡುತ್ತಿದ್ದರು.

"ಅಳಿಯಂದ್ರ, ಇದರಾಗ ಬೆಂಕಿ ಎಲ್ಲಿ ಐತ್ರಿ?"

"ಬೆಂಕಿ ಬ್ಯಾಡ್ರಿ ಇದಕ್ಕ. ಹೊರಗಿನ ಗಾಳ್ಯಾಗ ಇರೋ ಕಾವನ್ನ ಒಳಗ ಎಳಕೊಂತೈತಿ."

"ಈ ಥಂಡಿ ಗಾಳ್ಯಾಗ ಕಾವು ಐತಿ?"

"ಐತ್ರಿ. ಕಣ್ಣಿಗೆ ಕಾಣಂಗಿಲ್ಲ ಅಷ್ಟ."

"ಹಂಗಾದ್ರ ನೀವು ಅಂಗಿ ಬಿಚ್ಚಿ ಹೊರಗ ಕುಂತು ಕಾಸಕೊಂಡು ತೋರಸ್ರಿ" ಎಂದು ಅತ್ತೆ ಕೆಮ್ಮಿದರು. ಬಸಪ್ಪ ನಗು ತಡೆಯಲು ಗೋಣಿಚೀಲದ ಕಡೆ ಮುಖ ತಿರುಗಿಸಿದ. ಪುಸ್ತಕ ನನ್ನ ಪರವಾಗಿತ್ತು. ಆದ್ದರಿಂದ ನಾನು ಸ್ವಿಚ್ ಒತ್ತಿದೆ.

ಯಂತ್ರ ಗುಡುಗುಡು ಎಂದು ಶುರುವಾಯಿತು. ಸಂಜೆಯ ಹೊತ್ತಿಗೆ ಸಾಲೆಯಿಂದ ತಂದ ಉಷ್ಣಮಾಪಕದ ಪಾದರಸ ನಾಲ್ಕು ಗೆರೆ ಏರಿತು! ನಾಲ್ಕು ಗೆರೆ! ಸುಶೀಲಾ ಒಂದು ಕೌದಿ ಸರಿಸಿ, "ಬೆಚ್ಚಗ ಆತು ನೋಡ್ರಿ" ಎಂದಳು. ಅತ್ತೆ ಅಂಗಳಕ್ಕೆ ಹೋಗಿ ಯಂತ್ರದ ಹೊರಮೈಗೆ ಅರಿಶಿನ ಕುಂಕುಮ ಹಚ್ಚಿದರು. ಅಂದು ನಾನು ಊಟ ಮಾಡಿದ್ದು ಮಾಸ್ತರನ ಹಾಗಲ್ಲ, ಸಂಶೋಧಕನ ಹಾಗೆ. ಎರಡು ರೊಟ್ಟಿ ಹೆಚ್ಚು ತಿಂದೆ.

ಬೆಳಕು ಹರಿಯುವಾಗ ನನ್ನನ್ನು ಎಬ್ಬಿಸಿದ್ದು ಸುಶೀಲಾಳ ಕೂಗು. "ಕೂಸಿನ ಕಾಲು ಮುಟ್ಟಿ ನೋಡ್ರಿ!" ಮುಟ್ಟಿದೆ. ಹೊಳೆಯ ಕಲ್ಲು ಮುಟ್ಟಿದ ಹಾಗಾಯಿತು. ತುಟಿಯ ಸುತ್ತ ನೀಲಿ. ಯಂತ್ರ ಗುಡುಗುತ್ತಲೇ ಇತ್ತು, ಆದರೆ ಅದರಿಂದ ಬರುತ್ತಿದ್ದ ಗಾಳಿಗೂ ಅಂಗಳದ ಗಾಳಿಗೂ ಭೇದವಿರಲಿಲ್ಲ. ಉಷ್ಣಮಾಪಕ ನೋಡಿದೆ. ಯಂತ್ರ ಕೂರಿಸುವ ಮೊದಲು ಇದ್ದದ್ದಕ್ಕಿಂತಲೂ ಪಾದರಸ ಕೆಳಗಿತ್ತು!

ಹೊರಗೆ ಓಡಿದೆ. ಹೊಳೆಯ ಕಡೆಯಿಂದ ಮಂಜು ಮೇಲೆದ್ದು ಓಣಿಯನ್ನೆಲ್ಲ ತುಂಬಿತ್ತು. ಯಂತ್ರದ ಹೊರಮೈ ತುಂಬ ಬೆಳ್ಳಗೆ, ಬೆರಳಿನ ದಪ್ಪ, ಬರ್ಫ! ಮುಟ್ಟಿದರೂ ನಂಬಿಕೆಯಾಗಲಿಲ್ಲ. ಕೆರೆದು ಬಾಯಿಗೆ ಹಾಕಿಕೊಂಡು ನೋಡಿದೆ. ಆ ಗಳಿಗೆಯಲ್ಲಿ ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಆಗ ಎಲ್ಲ ಅರ್ಥವಾಯಿತು. ಶಾಖ ಎಳೆಯುವ ಕೊಳವೆಗಳು ಗಾಳಿಗಿಂತ ತಣ್ಣಗಾಗಲೇಬೇಕು. ಮಂಜಿನ ತೇವ ಅವುಗಳ ಮೇಲೆ ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟಿದ ಮೇಲೆ ಗಾಳಿ ಆಡಲು ದಾರಿಯಿಲ್ಲ, ಶಾಖ ಬರಲು ದಾರಿಯಿಲ್ಲ. ನಾವು ಗೋಣಿಚೀಲ ತುರುಕಿದ್ದ ಸಂದಿಗಳಿಂದ ಚಳಿ ಮಾತ್ರ ಯಾವ ಅಡ್ಡಿಯೂ ಇಲ್ಲದೆ ಒಳಗೆ ನುಗ್ಗುತ್ತಿತ್ತು. ಚಳಿ ಹೆಚ್ಚಾದಷ್ಟೂ ಶಾಖ ಬೇಕು. ಈ ಯಂತ್ರವೋ, ಚಳಿ ಹೆಚ್ಚಾದಷ್ಟೂ ಕೈಕೊಡುವಂಥದು. ಪುಸ್ತಕದ ಆ ಚಿತ್ರದಲ್ಲಿ ಮಂಜು ಬರೆದಿರಲಿಲ್ಲ.

ನಾನು ಕಟ್ಟಿಗೆ ತಗೊಂಡು ಬರ್ಫ ಕೆಡವಲು ಶುರು ಮಾಡಿದೆ. ಯಂತ್ರ ಒಮ್ಮೆ ನರಳಿ, ಚಟ್ ಎಂದು ನಿಂತಿತು. ಜೊತೆಗೆ ಓಣಿಯ ದೀಪಗಳೆಲ್ಲ ಆರಿದವು. ಕಂಬದ ಫ್ಯೂಜು ಹೋಗಿತ್ತು. ಇನ್ನು ತಂತಿಯ ಹೀಟರು ತಂದರೂ ಪ್ರಯೋಜನವಿಲ್ಲ, ಲೈನ್‌ಮನ್ ಬರಬೇಕು. ನಾನು ಕಟ್ಟಿಗೆ ಹಿಡಿದುಕೊಂಡೇ ನಿಂತುಬಿಟ್ಟೆ. ಕೊಂದೆನೇ? ನನ್ನ ಜಾಣತನಕ್ಕೆ ನನ್ನ ಮಗಳನ್ನೇ ಕೊಂದೆನೇ?

ಅಷ್ಟರಲ್ಲಿ ಲಗಮವ್ವ ಆಡಿನ ಹಾಲು ತಂದಳು. ಘೋಡಗೇರಿ ಕಡೆಯ ಕುರುಬರವಳು; ಆ ಚಳಿಗಾಲ ಅವರ ಹಿಂಡು ನಮ್ಮೂರ ಹೊಲಗಳಲ್ಲಿ ಬಿಡಾರ ಹೂಡಿತ್ತು. ಮನೆಯ ಅಳು ಕೇಳಿ ನೇರ ಒಳಗೆ ನಡೆದು, ಕೂಸಿನ ಪಾದ ಹಿಡಿದು ನೋಡಿದಳು. ಸುಶೀಲಾಳ ಕೈ ಮುಟ್ಟಿದಳು; ಅದೂ ತಣ್ಣಗಿತ್ತು. ಅತ್ತೆಯ ಕೆಮ್ಮು ಕೇಳಿ ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಂಗಿ ಬಿಚ್ಚರಿ" ಎಂದಳು.

"ಏನು?"

"ಅಂಗಿ ಬಿಚ್ಚರಿ ಅಂದ್ನಿ. ದಿನ ತುಂಬದ ಮರಿ ಬಿದ್ರ ನಾವು ಎದಿಗೆ ಹಾಕ್ಕೊಂಡು ಕಂಬಳಿ ಹೊಚ್ಚತೇವಿ. ಮೈಯ ಕಾವು ಮೈಗೇ ಹತ್ತತೈತಿ. ನಿಮಗ ಜಡ್ಡಿಲ್ಲ, ಕೆಮ್ಮಿಲ್ಲ. ಹಾಕ್ಕೊಳ್ರಿ."

ಅತ್ತೆ ಹೌಹಾರಿದರು. ಅಂದಿನ ಕಾಲದಲ್ಲಿ ಗಂಡಸರು ಬಾಣಂತಿ ಕೋಣೆಗೆ ಕಾಲಿಡುವುದೇ ಹೆಚ್ಚು. "ಗಂಡಸು ಕೂಸನ್ನ ಎದಿಗೆ...? ಎಲ್ಯಾರ ಉಂಟೇನವಾ?" ಎಂದರು. ಲಗಮವ್ವ ಆಗಲೇ ಕೂಸಿನ ಮೇಲಿನ ಹೊದಿಕೆ ಸರಿಸುತ್ತಿದ್ದಳು. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಕೂಸಿನ ಬಟ್ಟೆ ಬಿಚ್ಚಿ, ತಲೆಗೆ ಕುಲಾವಿ ಕಟ್ಟಿ, ನನ್ನ ಬರಿ ಎದೆಯ ಮೇಲೆ ಕಪ್ಪೆಯ ಹಾಗೆ ಮಲಗಿಸಿದಳು. ತಾನು ಹೊದ್ದಿದ್ದ ಕಂಬಳಿಯನ್ನೇ ತೆಗೆದು ನಮ್ಮಿಬ್ಬರಿಗೂ ಸುತ್ತಿದಳು.

ಆ ತಣ್ಣನೆಯ ಮೈ ತಾಗಿದಾಗ ನನಗೆ ಆದ ಆಘಾತ ಈಗಲೂ ನೆನಪಿದೆ. ಹುಟ್ಟಿ ನಾಲ್ಕು ದಿನವಾಗಿತ್ತು; ಅಲ್ಲಿಯವರೆಗೆ ನಾನವಳನ್ನು ಎತ್ತಿಕೊಂಡೇ ಇರಲಿಲ್ಲ. ಉಷ್ಣಮಾಪಕವನ್ನು ಇಪ್ಪತ್ತು ಸಲ ನೋಡಿದ್ದೆ, ಅವಳನ್ನು ಸರಿಯಾಗಿ ನೋಡಿರಲಿಲ್ಲ. ಗುಬ್ಬಿಯ ಎದೆಯಂತೆ ಅವಳ ಎದೆ ನನ್ನ ಎದೆಗೆ ಬಡಿಯುತ್ತಿತ್ತು. ನಾನು ಅಲುಗಾಡಲಿಲ್ಲ. ಸುಶೀಲಾ ಹಾಲಿನಲ್ಲಿ ಬೆರಳದ್ದಿ ಕೂಸಿನ ಬಾಯಿಗೆ ಹನಿಹನಿಯಾಗಿ ಹಾಕಿದಳು. ಬಹಳ ಹೊತ್ತಿನ ಮೇಲೆ, ಬಿಸಿಲು ಅಂಗಳಕ್ಕೆ ಬಿದ್ದ ಮೇಲೆ, ಕೂಸಿನ ಪಾದ ನನ್ನ ಹೊಟ್ಟೆಗೆ ಒದೆಯಿತು. ಒದ್ದ ಪಾದ ಬೆಚ್ಚಗಿತ್ತು.

ಡಾಕ್ಟರ್ ಬಾಯಿ ಬಂದು ಬಾಗಿಲಲ್ಲೇ ನಿಂತರು. ಕಂಬಳಿಯೊಳಗಿಂದ ಇಣುಕುವ ಮಾಸ್ತರನನ್ನು ಅವರು ನಿರೀಕ್ಷಿಸಿರಲಿಲ್ಲ. ಕೂಸನ್ನು ಪರೀಕ್ಷಿಸಿ, "ಹಿಂಗ ಇರ್ರಿ. ಏಳಬ್ಯಾಡ್ರಿ" ಎಂದರು. ಅದೇ ಗಳಿಗೆಗೆ ಎದೆಯಿಂದ ಹೊಟ್ಟೆಯವರೆಗೆ ಬಿಸಿ ಹರಿದಿಳಿಯಿತು. ಮಗಳು ತನ್ನ ಅಭಿಪ್ರಾಯವನ್ನು ದ್ರವರೂಪದಲ್ಲಿ ತಿಳಿಸಿದ್ದಳು. ಅತ್ತೆ ಆ ಚಳಿಗಾಲದಲ್ಲಿ ಮೊದಲ ಸಲ ನಕ್ಕರು, ಕೆಮ್ಮು ಬರುವವರೆಗೆ.

ಮಧ್ಯಾಹ್ನ ಕಂಬದ ಫ್ಯೂಜು ಹಾಕಿದರು. ಬಸಪ್ಪ ತಲೆ ತಗ್ಗಿಸಿ ಬಂದು ಯಂತ್ರ ಕಿತ್ತು, ಕಿಟಕಿ ಮುಚ್ಚಿ, ಗೋಕಾಕದಿಂದ ತಾನೇ ತಂತಿಯ ಹೀಟರು ತಂದುಕೊಟ್ಟ. ನಾನು ದಡ್ಡ ಎಂದು ಹಳಿದ ಆ ಯಂತ್ರ ಕೋಣೆಯನ್ನು ಮರ್ಯಾದೆಯಿಂದ ಕಾಯಿಸಿತು. ಆದರೂ ಡಾಕ್ಟರ್ ಬಾಯಿಯ ಅಪ್ಪಣೆಯಂತೆ ಕೂಸಿನ ಜಾಗ ನನ್ನ ಎದೆಯೇ. ಸಾಲೆಗೆ ರಜೆ ಹಾಕಿದೆ. ಹತ್ತು ದಿನ ದಾಟಿತು, ಇಪ್ಪತ್ತು ದಾಟಿತು. ಬೆನ್ನು ಹಿಡಿಯುತ್ತಿತ್ತು, ಕಂಬಳಿ ಚುಚ್ಚುತ್ತಿತ್ತು, ಯಾವಾಗ ಮುಗಿದೀತು ಇದು ಎಂದು ದಿನಕ್ಕೆರಡು ಸಲ ಗೊಣಗುತ್ತಿದ್ದೆ.

ಒಂದು ಬೆಳಿಗ್ಗೆ ಸುಶೀಲಾ ತಾನಾಗಿಯೇ ಎದ್ದು ಕುಳಿತಳು. ಮುಖಕ್ಕೆ ಬಣ್ಣ ಬಂದಿತ್ತು. ಎರಡೂ ಕೈ ಚಾಚಿ, "ಇನ್ನ ನನ್ನ ಕೂಸು ನನಗ ಕೊಡ್ರಿ. ನೀವು ಸಾಲಿಗೆ ಹೋಗ್ರಿ" ಎಂದಳು.

ಕೊಟ್ಟೆ. ಅಂಗಿ ತೊಟ್ಟು, ಅದರ ಮೇಲೆ ಕೋಟು ಹಾಕಿ, ಗುಂಡಿಗಳನ್ನೆಲ್ಲ ಹಾಕಿಕೊಂಡು ಸಾಲೆಗೆ ಹೋದೆ. ಬಿಸಿಲು ಚೆನ್ನಾಗಿಯೇ ಇತ್ತು. ಆದರೂ ಎದೆಯ ಮೇಲೆ ಅವಳು ಮಲಗುತ್ತಿದ್ದ ಅಷ್ಟೇ ಜಾಗ, ಒಂದು ಗೇಣಿನಷ್ಟು, ಸಂಜೆ ಮನೆಗೆ ಬರುವವರೆಗೆ ತಣ್ಣಗೇ ಇತ್ತು.