ಮಂಗಳಮ್ಮನ ಮುಗಿಯದ ಪ್ರಾರ್ಥನೆ

ಹನಗೋಡಿನ ಗಾಡಿ ಷಣ್ಮುಖಪ್ಪನ ಹೆಂಡತಿ ಮಂಗಳಮ್ಮ ಕ್ರೈಸ್ತಳಾದದ್ದು ಮೈಸೂರಿನ ಮಿಷನ್ ಆಸ್ಪತ್ರೆಯಿಂದ ಬಂದ ಮೇಲೆ. ಎರಡನೆಯ ಮಗುವೂ ಹೊಟ್ಟೆಯಲ್ಲೇ ಸತ್ತಿತ್ತು. ಅಲ್ಲಿನ ನರ್ಸಮ್ಮ ಒಬ್ಬಳು ಅವಳ ಕೈ ಹಿಡಿದು ಕೂತು ಪ್ರಾರ್ಥಿಸಿದಳು. ಅಲ್ಲಿಯವರೆಗೆ ಅವಳ ಪಕ್ಕದಲ್ಲಿ ಹಾಗೆ ಯಾರೂ ಕೂತಿರಲಿಲ್ಲ. ಮರುವರ್ಷ ಹುಣಸೂರಿನಲ್ಲಿ ದೀಕ್ಷಾಸ್ನಾನವಾಯಿತು. ಊರಿಗೆ ಬಂದವಳೇ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬಿಚ್ಚಿ ಅತ್ತೆಯ ಮುಂದಿಟ್ಟಳು.

ಅತ್ತೆ ಪುಟ್ಟಮಾದಮ್ಮ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟಳು. "ಇನ್ಮ್ಯಾಕೆ ಒಲೆ ಮುಟ್ಬ್ಯಾಡ. ಕೊಟ್ಟಿಗೇಲಿರು," ಅಂದಳು. ಷಣ್ಮುಖಪ್ಪ ಹೊಗೆಸೊಪ್ಪಿನ ಹೊರೆ ಹೇರಿಕೊಂಡು ಗಾಡಿ ಹೂಡಿದ.

ಹುಣಸೂರಿನ ಕ್ರೈಸ್ತ ಸಭೆಯಿಂದ ಆಗಾಗ ಸೈಕಲ್ಲಿನಲ್ಲಿ ಬರುತ್ತಿದ್ದ ಉಪದೇಶಿ ದೇವದಾಸಪ್ಪನವರು, "ಎಚ್ಚರವಾಗಿದ್ದು ಪ್ರಾರ್ಥನೆ ಮಾಡಿ ತಾಯಿ. ಮನಸ್ಸು ಚದುರಿದರೆ ಸೈತಾನನಿಗೆ ಸದರ," ಎಂದು ಹೇಳಿಹೋಗಿದ್ದರು. ಎಚ್ಚರವೆಂದರೆ ಹೊರಗಿನ ಗದ್ದಲಕ್ಕೆ ಕಿವಿಗೊಡದಿರುವುದು ಎಂದುಕೊಂಡಳು ಮಂಗಳಮ್ಮ.

ಅತ್ತೆ ಗದ್ದಲಕ್ಕೆ ಕೊರತೆ ಮಾಡಲಿಲ್ಲ. ಸೊಸೆ ಮಂಡಿಯೂರಿದ್ದು ಕಂಡರೆ ಸಾಕು, ಕರುವಿನ ಹಗ್ಗ ಬಿಚ್ಚಿಬಿಡುವಳು. ಕೆಂಡಕ್ಕೆ ಒಣಮೆಣಸಿನಕಾಯಿ ಹಾಕಿ ಘಾಟನ್ನು ಕೊಟ್ಟಿಗೆಗೆ ಬೀಸುವಳು. ಒಂದು ಸಲ ಅವಳ ಮುಚ್ಚಿದ ಕಣ್ಣಿನ ಮೇಲೆ ಗಂಜಲ ಎರಚಿ, "ನಿನ್ ದ್ಯಾವ್ರು ಬಂದು ಒರುಸ್ತಾನಾ ನೋಡವ," ಅಂದಳು. ಬೇಲಿಯಾಚೆಯ ಹೆಂಗಸರು ನಕ್ಕರು. ಮಂಗಳಮ್ಮ ಅಲುಗಲಿಲ್ಲ. ಅಲುಗದೆ ಕೂತದ್ದು ತನ್ನ ಗೆಲುವೆನಿಸಿತು. ಆ ಗೆಲುವು ಅವಳಿಗೆ ರುಚಿಸಿತು ಕೂಡ.

ಸಾವಿರದ ಒಂಬೈನೂರ ಐವತ್ತಾರರ ಬೇಸಿಗೆಯಲ್ಲಿ ಪುಟ್ಟಮಾದಮ್ಮನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ನೆಂಟರು ಬಂದು ನೋಡಿ ಹೋದರು, ಯಾರೂ ಉಳಿಯಲಿಲ್ಲ. "ಅವ್ವುನ್ನ ನೀನೇ ನೋಡ್ಕಬೇಕು ಕಣೆ," ಅಂದ ಷಣ್ಮುಖಪ್ಪ. "ನಾನು ಗಾಡಿ ಬುಟ್ರೆ ಒಟ್ಟೆಗೇನು?" ಮಂಗಳಮ್ಮ ಮತ್ತೆ ಒಳಮನೆಗೆ ಬಂದಳು. ಅವಳ ಕೈಯ ಗಂಜಿಯನ್ನು ಮುದುಕಿ ಮೊದಮೊದಲು ಉಗಿದಳು. ಹಸಿವು ತಡೆಯಲಾರದೆ ಕೊನೆಗೆ ಅಳುತ್ತ ಕುಡಿದಳು.

ಒಂದು ಮಧ್ಯಾಹ್ನ ಮಂಗಳಮ್ಮ ನಡುಮನೆಯಲ್ಲಿ ಕಣ್ಣು ಮುಚ್ಚಿ ಮಂಡಿಯೂರಿದ್ದಳು.

"ನೀರು ಕೊಡೆ," ಅಂದಳು ಅತ್ತೆ.

ಕೇಳಿಸಿತು.

"ಮಂಗಳೀ, ಗಂಟ್ಲು ಒಣಗ್ತದೆ ಕಣೆ."

ಬೇಡಿಕೊಳ್ಳಬೇಕಾದದ್ದೆಲ್ಲ ಆಗಲೇ ಮುಗಿದಿತ್ತು. ಮಂಗಳಮ್ಮ ಮತ್ತೆ ಮೊದಲಿನಿಂದ ಶುರುಮಾಡಿದಳು. "ಪ್ರಾರ್ಥನೆಗೆ ಅಡ್ಡ ಬರಬ್ಯಾಡಿ ಅತ್ತೆಮ್ಮ. ಮುಗುಸ್ಕಂಡು ಬತ್ತೀನಿ," ಅಂದಳು, ಕಣ್ಣು ತೆರೆಯದೆ. ಮುದುಕಿ ಇನ್ನೂ ಕರೆದಳು, ಆಮೇಲೆ ಸುಮ್ಮನಾದಳು. ಚಾಪೆ ಎಳೆದಂಥ ಸದ್ದಾಯಿತು. ಮಂಗಳಮ್ಮ ಅದನ್ನೂ ಕೇಳಿಸಿಕೊಂಡಳು, ದನಿ ಏರಿಸಿದಳು.

ಬಿಂದಿಗೆ ಉರುಳಿದಾಗಲೇ ಕಣ್ಣು ಬಿಟ್ಟದ್ದು. ನೀರಿನ ಕಡೆಗೆ ತೆವಳಿದ್ದ ಪುಟ್ಟಮಾದಮ್ಮ ಹೊಸ್ತಿಲ ಮೇಲಿಂದ ಕೆಳಗೆ ಬಿದ್ದಿದ್ದಳು. ತೊಡೆಯ ಮೂಳೆ ಮುರಿದಿತ್ತು. ಚೆಲ್ಲಿದ ನೀರನ್ನು ನೆಲದಿಂದ ನೆಕ್ಕುತ್ತಿದ್ದಳು.

ಪಿರಿಯಾಪಟ್ಟಣದಿಂದ ಬಂದ ನಾಟಿ ವೈದ್ಯ ಬಿದಿರ ದಬ್ಬೆ ಕಟ್ಟಿದ. ಮೂಳೆ ಕೂಡಲಿಲ್ಲ. ಬೆನ್ನಲ್ಲಿ ಹುಣ್ಣಾಯಿತು, ಹುಣ್ಣಿನಲ್ಲಿ ಹುಳ ಬಿದ್ದವು. ಮಂಗಳಮ್ಮ ಅವನ್ನು ಒಂದೊಂದಾಗಿ ತೆಗೆದಳು. "ಜಾತಿ ಕೆಟ್ರೂ ಅತ್ತೇನ ಎಂಗ್ ನೋಡ್ಕತಾಳೆ ನೋಡು," ಅಂತ ಊರವರು ಹೊಗಳಿದರು. ಆ ಮಾತು ಅವಳಿಗೆ ಹುಳಗಳಿಗಿಂತ ಹೆಚ್ಚು ಹೇಸಿಗೆ ತಂದಿತು.

ನಡೆದದ್ದನ್ನು ದೇವದಾಸಪ್ಪನವರಿಗೆ ಹೇಳಿದಳು. "ಏನೋ ಮನಸ್ಸು ಚದುರಿರಬೇಕು ತಾಯಿ," ಅಂದರು ಅವರು.

"ಇಲ್ಲ ಅಯ್ಯಾ. ಅಷ್ಟು ಗಟ್ಟಿಯಾಗಿ ಅದು ಯಾವತ್ತೂ ನಿಂತಿರ್ಲಿಲ್ಲ. ನೀರು ಕೊಡಬಾರ್ದು ಅಂತ ಒಂದೇ ಕಡೆ ನಿಂತಿತ್ತು."

ಅವರು ದೇವರ ಕ್ಷಮೆಯ ಮಾತಾಡಿದರು. ಅವಳು ಅತ್ತೆಯ ಕಾಲು ಹಿಡಿದಳು. ಪುಟ್ಟಮಾದಮ್ಮ ತೊದಲುತ್ತ, "ನೀ ಕಣ್ಮುಚ್ಚಿದಾಗೆಲ್ಲ ಕೂಗ್ತೀನಿ ಕಣೆ, ಸತ್ತ ಮ್ಯಾಕೂವೆ," ಅಂದಳು. ದೀಪಾವಳಿಗೆ ಮುಂಚೆ ತೀರಿಕೊಂಡಳು. ಹೂಳುವಾಗ ನೆಂಟರು ಸೊಸೆಗೆ ಒಂದು ಹಿಡಿ ಮಣ್ಣು ಹಾಕಲೂ ಬಿಡಲಿಲ್ಲ.

ಆಮೇಲೆ ಮಂಗಳಮ್ಮ ಕಣ್ಣು ತೆರೆದೇ ಪ್ರಾರ್ಥಿಸಿದಳು. ಭಾನುವಾರ ಹುಣಸೂರಿನ ಕ್ರೈಸ್ತ ದೇವಾಲಯದಲ್ಲಿ ಎಲ್ಲರೂ ತಲೆಬಾಗಿರುವಾಗ ಯಾರಾದರೂ ಕೆಮ್ಮಿದರೆ ಅವಳು ಎದ್ದು ಹೊರಗೆ ಹೋಗಿ ಚೆಂಬು ತುಂಬಿಕೊಂಡು ಬರುವಳು. ಸಭೆಯವರಿಗೆ ಕಿರಿಕಿರಿ. "ಈಯಮ್ಮಂಗೆ ಪ್ರಾರ್ಥನೇಲಿ ಮನಸೇ ಇಲ್ಲ ಕಣ್ರೀ," ಅಂತ ಅವಳಿಗೆ ಕೇಳುವಂತೆಯೇ ಅನ್ನುತ್ತಿದ್ದರು.